ಗುಂಡಕ್ಕ ಬಚ್ಚಿಟ್ಟ ಗೇಣು

ಗುಂಡಕ್ಕ ಎಂಬ ಹೆಸರು ಕೇಳಿ ಯಾರೋ ದುಂಡಗಿನ ಹೆಂಗಸು ಎಂದುಕೊಂಡು ಬಂದವರು ಅವಳನ್ನು ಕಂಡು ಪೆಚ್ಚಾಗುತ್ತಿದ್ದರು. ಕಡ್ಡಿಯಂಥ ಮೈ, ನೀಳ ಕತ್ತು, ಹಗ್ಗ ಎಳೆದೂ ಎಳೆದೂ ದೊರಗಾದ ಅಂಗೈ. ಹೆಸರು ಬಂದದ್ದು ಮೈಯಿಂದಲ್ಲ, ಕೈಲಿದ್ದ ಸೀಸದ ಗುಂಡಿನಿಂದ. ದಿನಾ ಸಮುದ್ರ ಪೂರ್ತಿ ಇಳಿದ ಹೊತ್ತು ನೋಡಿ ಅವಳು ಪುಟ್ಟ ದೋಣಿಗೆ ಹುಟ್ಟು ಹಾಕಿಕೊಂಡು ಬಂದರಿನ ಬಾಯಿಗೆ ಹೋಗುತ್ತಿದ್ದಳು. ಅಲ್ಲಿ ಎದುರುಬದುರು ಚಾಚಿಕೊಂಡ ಎರಡು ಕಲ್ಲುಗೋಡೆಗಳ ನಡುವೆ, ಏಳು ಕಡೆ, ಹಗ್ಗಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ತಳಕ್ಕೆ ಎಷ್ಟು ನೀರಿದೆ ಎಂದು ಅಳೆಯುತ್ತಿದ್ದಳು. ಹಗ್ಗದಲ್ಲಿ ಗೇಣಿಗೊಂದು ಬಟ್ಟೆಯ ಚೂರು, ನಾಲ್ಕು ಗೇಣಿಗೊಂದು ಚರ್ಮದ ಪಟ್ಟಿ. ಅವಳು ಅವನ್ನು ಕಣ್ಣಿಂದ ನೋಡುತ್ತಲೇ ಇರಲಿಲ್ಲ, ಬೆರಳಿಗೇ ಗೊತ್ತಾಗುತ್ತಿತ್ತು.

ಏಳರಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ಆ ದಿನದ ಅಂಕಿ. ವಾಪಸು ಬಂದು ಉತ್ತರದ ಗೋಡೆಯ ಮೇಲಿದ್ದ ಎತ್ತರದ ಕಂಬಕ್ಕೆ ಆ ಅಂಕಿಯ ತಗಡನ್ನು ನೇತುಹಾಕಿದರೆ ಅವಳ ಕೆಲಸ ಮುಗಿಯಿತು. ಸೊಂಟದೆತ್ತರದ ಕಪ್ಪು ತಗಡು, ಅದರ ಮೇಲೆ ಬಿಳಿಯ ಅಂಕಿ. ಸಮುದ್ರದ ಮೇಲಿಂದ ದುರ್ಬೀನು ಹಿಡಿದರೆ ಮೈಲಿ ದೂರಕ್ಕೂ ಕಾಣುತ್ತಿತ್ತು. ಫೋನು ಜನರ ಜೇಬಿಗೆ ಇಳಿಯುವುದಕ್ಕೆ ಮುಂಚಿನ ಕಾಲ ಅದು. ಬಂದರಿನ ಮೂವತ್ತು ಚಿಲ್ಲರೆ ದೋಣಿಗಳು ಹೋಗುವುದೂ ಬರುವುದೂ ಆ ತಗಡು ನೋಡಿಕೊಂಡೇ. ಮೀನು ತುಂಬಿದ ದೋಣಿಗೆ ತಳ ತಾಗದಿರಲು ಎಂಟು ಗೇಣು ನೀರು ಬೇಕು, ಅಲೆ ಎದ್ದಿದ್ದರೆ ಒಂಬತ್ತು. ಅಷ್ಟಿಲ್ಲದಿದ್ದರೆ ಹೊರಗೇ ನಿಂತು ನೀರು ಏರುವವರೆಗೆ ಕಾಯಬೇಕು.

ಕೆಲಸ ಅಪ್ಪನಿಂದ ಬಂದದ್ದು. ಅಪ್ಪನ ದೋಣಿ ಹತ್ತಿದಾಗ ಅವಳಿಗೆ ಹತ್ತೊಂಬತ್ತು. ಅಮ್ಮ ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು, ಒಂಬತ್ತು ವರ್ಷದ ತಮ್ಮನನ್ನು ಸಾಕುತ್ತಿದ್ದವಳೂ ಅವಳೇ. ಮದುವೆಯ ಮಾತು ಬಂದಾಗಲೆಲ್ಲ ನೀರು ಇಳಿಯುವ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದಳು ಎಂದು ತಮ್ಮ ದೊಡ್ಡವನಾದ ಮೇಲೂ ಗೇಲಿ ಮಾಡುತ್ತಿದ್ದ. ಅಪ್ಪ ಅವಳಿಗೆ ಹಗ್ಗ ಹಿಡಿಯುವುದನ್ನು ಕಲಿಸಿದ, ಗುಂಡಿನ ತಳದಲ್ಲಿದ್ದ ಕುಳಿಗೆ ಗ್ರೀಸು ಮೆತ್ತಿ ತಳದ ಮರಳನ್ನು ಅಂಟಿಸಿಕೊಂಡು ಮೇಲೆ ತರುವುದನ್ನು ಕಲಿಸಿದ. ಕೊನೆಗೆ, ಕಾಲಿಗೆ ಶಕ್ತಿಯಿಲ್ಲದೆ ಕೆಲಸ ಬಿಡುವ ಹೊತ್ತಿಗೆ, ಒಂದು ಗುಟ್ಟನ್ನೂ ಹೇಳಿಕೊಟ್ಟ.

"ಇರೋ ನೀರನ್ನೆಲ್ಲ ಹೇಳಿಬಿಡಬಾರದು ಮಗಳೇ. ಒಂದು ಗೇಣು ನಿನ್ನ ಹತ್ರಾನೇ ಇಟ್ಕೊ. ಹನ್ನೆರಡಿದ್ರೆ ಹನ್ನೊಂದು ಹಾಕು. ದೋಣಿಯವರು ಆತುರದ ಜನ, ಆ ಒಂದು ಗೇಣು ಅವರ ಜೀವ ಕಾಯುತ್ತೆ. ಆದ್ರೆ ಯಾರ ಮುಂದೇನೂ ಬಾಯಿ ಬಿಡಬೇಡ. ಬಿಟ್ಟ ದಿನ ಅದು ಇದ್ದೂ ಇಲ್ಲದ ಹಾಗೆ."

ಗುಂಡಕ್ಕ ಬಾಯಿ ಬಿಡಲಿಲ್ಲ. ಇಪ್ಪತ್ತೆರಡು ವರ್ಷ, ಒಂದು ದಿನವೂ ತಪ್ಪದೆ, ಇದ್ದದ್ದಕ್ಕಿಂತ ಒಂದು ಗೇಣು ಕಡಿಮೆ ಹಾಕಿದಳು. ಆ ಊರಿನ ಗಂಡಸರ ಜೀವವೆಲ್ಲ ತನ್ನ ಸೆರಗಿನ ಗಂಟಿನಲ್ಲಿದೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಇರಲಿ ಬಿಡಿ, ಅಷ್ಟು ಹೆಮ್ಮೆ ಪಡಲು ಅವಳಿಗೆ ಹಕ್ಕಿತ್ತು.

ಎಡವಟ್ಟು ಇದ್ದದ್ದು ಇನ್ನೊಂದು ಕಡೆ. ದೋಣಿಯವರೇನು ಕಿವಿಯಲ್ಲಿ ಹೂ ಇಟ್ಟುಕೊಂಡವರೇ? ಇಳಿತದ ಹೊತ್ತಿನಲ್ಲಿ ಬಾಯಿ ದಾಟುವಾಗ ಉದ್ದನೆಯ ಗಳು ಇಳಿಸಿ ನೋಡುವುದು ಅವರಿಗೂ ಗೊತ್ತಿತ್ತು. ನೋಡಿದಾಗಲೆಲ್ಲ ತಗಡಿನ ಮೇಲಿದ್ದುದಕ್ಕಿಂತ ಒಂದು ಗೇಣು ಜಾಸ್ತಿ. ಅಪ್ಪನ ಕಾಲದಲ್ಲೇ ಅವರಿಗೆ ಇದು ತಿಳಿದಿತ್ತು. ತಗಡಿನಲ್ಲಿ ಹತ್ತು ಕಂಡರೆ ಹನ್ನೊಂದು ಎಂದುಕೊಂಡು ನಡೆಯುತ್ತಿದ್ದರು. ಆದರೆ ಈ ವಿಷಯವನ್ನು ಗುಂಡಕ್ಕನ ಮುಂದೆ ಎತ್ತಬಾರದು ಎಂದು ದೋಣಿಗಳು ಬಂದು ನಿಲ್ಲುವ ಇಡೀ ದಕ್ಕೆ ಒಪ್ಪಂದ ಮಾಡಿಕೊಂಡಂತೆ ಸುಮ್ಮನಿತ್ತು. ಪಾಪ, ನಮ್ಮ ಒಳ್ಳೆಯದಕ್ಕೇ ಮಾಡುತ್ತಾಳೆ, ಗೊತ್ತಾದರೆ ನೊಂದುಕೊಳ್ಳುತ್ತಾಳೆ ಎಂಬ ಮರ್ಯಾದೆ. ಹೀಗೆ ಅವಳು ಒಂದು ಕಳೆದು, ಅವರು ಒಂದು ಕೂಡಿಸಿ, ಬಂದರು ಸರಿಯಾದ ಲೆಕ್ಕದಲ್ಲೇ ನಡೆಯುತ್ತಿತ್ತು. ಕಾಯುವ ಗೇಣು ಯಾವತ್ತೂ ಇರಲೇ ಇಲ್ಲ.

ಈ ಮರ್ಯಾದಸ್ಥರ ಪೈಕಿ ಅವಳ ತಮ್ಮನೂ ಒಬ್ಬ. ಅವನೀಗ ಸ್ವಂತ ದೋಣಿಯ ಚುಕ್ಕಾಣಿ ಹಿಡಿದಿದ್ದ, ಕೈಕೆಳಗೆ ಐದು ಜನ. ಊಟಕ್ಕೆ ಕೂತರೆ ನೀರು ಬಡಿಸುವಷ್ಟರಲ್ಲಿ ಕೈ ತೊಳೆಯುವ ಜಾತಿ. ಎಲ್ಲರೂ ಅವನನ್ನು ಅವಸರ ಎಂದೇ ಕರೆಯುತ್ತಿದ್ದರು. ಬಂದರಿನ ಹಿಂದಿನ ಬೀದಿಯಲ್ಲಿ ಮೂರು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಅಕ್ಕ, ಹಿಂದಿನ ಕೋಣೆಯಲ್ಲಿ ತಮ್ಮ ಮತ್ತು ಅವನ ಹೆಂಡತಿ, ನಡುವಿನ ಅಡುಗೆಮನೆಯಲ್ಲಿ ಮೂವರೂ. ಗುಂಡಕ್ಕನಿಗೆ ಲೋಕದಲ್ಲಿ ಇದ್ದವನೆಂದರೆ ಅವನೊಬ್ಬನೇ. ಅವನು ಹೊರಗೆ ಹೋದ ದಿನ ಅವಳು ಏಳು ಕಡೆ ಅಳೆದದ್ದು ಸಾಲದೆಂದು ಎಂಟನೇ ಸಲವೂ ಗುಂಡು ಬಿಡುತ್ತಿದ್ದಳು.

ಆ ವರ್ಷ ಮರಳು ಹಿಂದೆಂದೂ ಇಲ್ಲದಷ್ಟು ಬಂತು. ಬಾಯಿಯಲ್ಲಿ ಏಳಕ್ಕಿಂತ ಮೇಲೆ ನೀರು ನಿಲ್ಲದೆ ದೋಣಿಗಳು ಅರ್ಧ ದಿನ ಹೊರಗೇ ಕಾಯುವಂತಾಗಿ, ಅರ್ಜಿ ಮೇಲೆ ಅರ್ಜಿ ಹೋಗಿ, ಕೊನೆಗೆ ಹೂಳೆತ್ತುವ ಹಡಗು ಬಂತು. ತುಕ್ಕು ಹಿಡಿದ ದೊಡ್ಡ ಹಡಗು. ಅದರ ಕಬ್ಬಿಣದ ತೊಟ್ಟಿಗಳು ಸರಪಳಿಯ ಮೇಲೆ ಒಂದರ ಹಿಂದೊಂದು ನೀರಿಗಿಳಿದು ಕರಿ ಕೆಸರು ತುಂಬಿಕೊಂಡು ಮೇಲೇರುತ್ತಿದ್ದವು. ಬಾಯಿಯ ಮರಳಷ್ಟೇ ಅಲ್ಲ, ದಕ್ಕೆಯ ಬುಡದ ಹೂಳನ್ನೂ ಕೆದಕಿ ತೆಗೆದರು. ಹದಿನೆಂಟು ದಿನ ಆ ಸದ್ದಿಗೆ ಊರಿನ ಕಿಟಕಿಗಳೆಲ್ಲ ಗಡಗಡ ಅಂದವು.

ತೆಗೆದ ಹೂಳನ್ನು ಎರಡು ಮೈಲಿ ಆಚೆ ಆಳದಲ್ಲಿ ಸುರಿಯಬೇಕೆಂದು ಕಾಗದದಲ್ಲಿತ್ತು. ಆದರೆ ಸಮುದ್ರದಲ್ಲಿ ಮೈಲಿಗಲ್ಲು ನೆಟ್ಟವರು ಯಾರು? ಸಾಗಿಸುವವರು ದಕ್ಷಿಣದ ಗೋಡೆಯ ಆಚೆ ತಿರುಗಿ, ಕಣ್ಣಳತೆಯಲ್ಲೇ ಸಾಗಣೆ ದೋಣಿಯ ಹೊಟ್ಟೆ ತೆರೆದು ಸುರಿದು, ಮುಕ್ಕಾಲು ಗಂಟೆಯಲ್ಲಿ ವಾಪಸು ಬರುತ್ತಿದ್ದರು. ಗುಂಡಕ್ಕ ಅದನ್ನು ತನ್ನ ದೋಣಿಯಿಂದ ನೋಡಿದಳು. ಗಾಳಿ ಬೀಸುವುದೂ ನೀರು ಹರಿಯುವುದೂ ದಕ್ಷಿಣದಿಂದ. ಸುರಿದದ್ದು ಎಲ್ಲಿಗೆ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಬಂದರಿನ ಸಾಹೇಬರ ಹತ್ತಿರ ಹೇಳೋಣವೆಂದು ಹೋದರೆ, ಅವರೇ ಇವಳಿಗಾಗಿ ಕಾಯುತ್ತಿದ್ದರು. ಹೊಸದಾಗಿ ವರ್ಗವಾಗಿ ಬಂದವರು, ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಗುಂಡಕ್ಕ ಅವರ ಮಾತು ಕೇಳುತ್ತಲೂ ಇರಲಿಲ್ಲ. ಹೂಳೆತ್ತುವ ಹಡಗಿನಲ್ಲಿ ಆಳ ತೋರಿಸುವ ಯಂತ್ರವೊಂದಿತ್ತು. ಅದು ಮುದ್ರಿಸಿದ ಕಾಗದದ ಸುರುಳಿ ಅವರ ಮೇಜಿನ ಮೇಲಿತ್ತು.

"ಏನಮ್ಮಾ, ಯಂತ್ರ ಹದಿನಾಲ್ಕು ಅನ್ನುತ್ತೆ, ನೀನು ಹದಿಮೂರು ಹಾಕ್ತೀಯ. ನಿನ್ನೆ, ಮೊನ್ನೆನೂ ಹಾಗೇ. ಹಗ್ಗ ಹಿಗ್ಗಿದ್ಯಾ?"

ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಗ್ಗದ ವಿಷಯದಲ್ಲಿ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಹಗ್ಗ ಸರಿಯಾಗೇ ಇದೆ ಸಾಹೇಬ್ರೆ" ಎಂದು ತಲೆ ತಗ್ಗಿಸಿದಳು. ಸಾಹೇಬರಿಗೆ ಅರ್ಥವಾಯಿತು.

"ನಾಳೆಯಿಂದ ಇದ್ದಿದ್ದನ್ನ ಇದ್ದ ಹಾಗೆ ಹಾಕು. ಸುಳ್ಳು ಅಳತೆಗೆ ಈ ಕಚೇರಿ ಹೊಣೆ ಹೊರೋಕಾಗಲ್ಲ."

"ದೋಣಿಯವರಿಗೆ ಒಂದು ಮಾತು ಹೇಳ್ಬೇಕಲ್ವಾ?"

"ಏನಂತ ಹೇಳ್ತೀಯ? ಇಷ್ಟು ವರ್ಷ ಸುಳ್ಳು ಹಾಕ್ತಿದ್ದೆ ಅಂತಲಾ? ಸುಮ್ನಿರಮ್ಮಾ, ನಿನ್ನ ಮಾನ ಹೋಗುತ್ತೆ. ಸರಿ ಅಳತೆ ಹಾಕಿದ್ರೆ ಯಾರಿಗೇನು ನಷ್ಟ?"

ಅವರು ಕನಿಕರದಿಂದಲೇ ಹೇಳಿದ್ದು. ದೋಣಿಯವರು ಕೂಡಿಸುವ ಲೆಕ್ಕ ಅವರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಹೂಳು ಎಲ್ಲಿ ಬೀಳುತ್ತಿದೆ ಎಂಬ ಮಾತನ್ನು ಅವಳು ಎತ್ತಿದಾಗ ಸಾಹೇಬರು ಸುರುಳಿಯನ್ನು ಮಡಚುತ್ತಾ, "ಅದನ್ನ ಬರೆದುಕೊಂಡಿದೀನಿ" ಎಂದರು. ಮರುವಾರ ಹಡಗು ಹೊರಟುಹೋಯಿತು, ಯಂತ್ರವೂ ಅದರ ಜೊತೆಗೇ.

ಮೊದಲ ಸಲ ಇದ್ದ ಅಂಕಿಯನ್ನೇ ನೇತುಹಾಕಿದ ರಾತ್ರಿ ಅಡುಗೆಮನೆಯಲ್ಲಿ ತಮ್ಮ ಎದುರಿಗೇ ಕೂತಿದ್ದ. "ಹದಿನಾಲ್ಕಂತೆ ಅಕ್ಕಾ! ಇನ್ನು ಕಣ್ಣು ಮುಚ್ಚಿಕೊಂಡು ಬರಬಹುದು" ಎಂದು ತುತ್ತು ನುಂಗುತ್ತಲೇ ನಕ್ಕ. ಗುಂಡಕ್ಕ ತಟ್ಟೆ ನೋಡಿದಳು. ಇವನೊಬ್ಬನಿಗಾದರೂ ಹೇಳಬೇಕು ಎನಿಸಿತು. ಲೋ, ಇಷ್ಟು ದಿನ ಒಂದು ಗೇಣು ಕಮ್ಮಿ ಹಾಕ್ತಿದ್ದೆ, ಇವತ್ತಿಂದ ಇಲ್ಲ. ಅಷ್ಟೇ ಮಾತು. ಆದರೆ ತಾನು ಎತ್ತಿ ಆಡಿಸಿದ ಹುಡುಗನ ಮುಂದೆ ಇಪ್ಪತ್ತೆರಡು ವರ್ಷದ ಸುಳ್ಳನ್ನು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಅವಳು ಇನ್ನೊಂದು ಸೌಟು ಬಡಿಸಿದಳು. ಅವನೂ ತನ್ನ ಕಡೆಯಿಂದ ಒಂದು ಮಾತು ಹೇಳಬಹುದಿತ್ತು. ಅವನು ಕೈ ತೊಳೆದು ಎದ್ದ.

ಮೂರನೇ ವಾರಕ್ಕೆ ಗುಂಡಿನ ತಳದ ಗ್ರೀಸಿಗೆ ಅಂಟಿಕೊಂಡು ಬಂದದ್ದನ್ನು ಗುಂಡಕ್ಕ ಬೆರಳಲ್ಲಿ ತೆಗೆದು ಮೂಸಿದಳು. ಹೊರಗಿನ ಮರಳು ಹಳದಿ, ಬೆರಳಲ್ಲಿ ಉಜ್ಜಿದರೆ ಕರಕರ ಎನ್ನುತ್ತದೆ. ಇದು ಕಪ್ಪು, ಮೆತ್ತಗೆ, ಡೀಸೆಲ್ ವಾಸನೆ. ನಡುವೆ ತುಕ್ಕಿನ ಚಕ್ಕೆ, ದೋಣಿಯಿಂದ ಹೆರೆದ ನೀಲಿ ಬಣ್ಣದ ಚೂರು. ಇದು ದಕ್ಕೆಯ ಬುಡದ ಹೂಳು. ಗೋಡೆಯಾಚೆ ಸುರಿದದ್ದು ಮನೆಯ ದಾರಿ ಹಿಡಿದಿತ್ತು. ಅಂಕಿ ಹದಿನಾಲ್ಕರಿಂದ ಹದಿಮೂರಕ್ಕಿಳಿಯಿತು, ಹನ್ನೆರಡಕ್ಕಿಳಿಯಿತು. ಹನ್ನೊಂದಾದ ದಿನ ಅವಳು ಆ ಕರಿ ಮುದ್ದೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಸಾಹೇಬರ ಮೇಜಿನ ಮೇಲಿಟ್ಟಳು.

"ಸಾಹೇಬ್ರೆ, ತೆಗೆದದ್ದೇ ವಾಪಸ್ ಬರ್ತಿದೆ. ಜೋರು ಗಾಳಿ ಒಂದು ದಿನ ಬೀಸಿದ್ರೆ ಸಾಕು, ರಾಶಿ ಪೂರ್ತಿ ಜಾರಿ ಬಾಯಿಗೆ ಬೀಳುತ್ತೆ."

ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದರು. "ಹೂಳೆತ್ತಿ ಎರಡು ತಿಂಗಳಾಗಿಲ್ಲ. ಮತ್ತೆ ಹೂಳು ಅಂತ ಬರೆದ್ರೆ ಮೇಲಿನವರು ನನಗೇ ಹುಚ್ಚು ಅಂತಾರೆ. ಇನ್ನೂ ಹನ್ನೊಂದಿದೆಯಲ್ಲಮ್ಮಾ."

ಹನ್ನೊಂದಿತ್ತು, ನಿಜ. ದೋಣಿಯವರ ತಲೆಯಲ್ಲಿ ಹನ್ನೆರಡಿತ್ತು. ನೀರು ಧಾರಾಳವಾಗಿದ್ದುದರಿಂದ ಗಳು ಇಳಿಸಿ ನೋಡುವುದನ್ನು ಅವರು ಬಿಟ್ಟಿದ್ದರು. ಯಾರಿಗೂ ಏನೂ ಅನಿಸಲಿಲ್ಲ.

ತಮ್ಮ ಹೊರಟ ದಿನ ತಗಡಿನ ಮೇಲೆ ಹತ್ತಿತ್ತು. ಮರುದಿನ ಬೆಳಗಾಗುವುದಕ್ಕೆ ಮುಂಚೆಯೇ ದಕ್ಷಿಣದ ಗಾಳಿ ಎದ್ದಿತು. ಬೀದಿಯ ಬಾಗಿಲುಗಳು ತಾವಾಗಿ ಬಡಿದುಕೊಳ್ಳುತ್ತಿದ್ದವು, ಕುಡಿಯುವ ನೀರಿನ ಮೇಲೂ ಮರಳಿನ ಪುಡಿ ಕೂತಿತ್ತು. ಉಳಿದ ದೋಣಿಗಳೆಲ್ಲ ಬೆಳಗಿನ ಏರುನೀರಿನಲ್ಲೇ ಒಳಗೆ ಬಂದು ಕಟ್ಟಿಕೊಂಡವು. ತಮ್ಮನದೊಂದು ಬಾಕಿ. ಬಲೆ ಎಳೆಯುವುದು ತಡವಾಗಿರಬೇಕು, ಮಧ್ಯಾಹ್ನಕ್ಕೆ ಬರುತ್ತಾನೆ ಎಂದು ದಕ್ಕೆಯಲ್ಲಿ ಜನ ಮಾತಾಡಿಕೊಂಡರು. ಮಧ್ಯಾಹ್ನವೆಂದರೆ ನೀರು ಪೂರ್ತಿ ಇಳಿಯುವ ಹೊತ್ತು.

ಎರಡು ಗಂಟೆಗೆ ಗುಂಡಕ್ಕ ದೋಣಿ ಇಳಿಸಿದಳು. ಬೇಡ ಎಂದವರಿಗೆ, "ಅಳೀದೆ ಏನು ನೇತುಹಾಕ್ಲಿ, ನನ್ನ ತಲೆನಾ?" ಎಂದು ರೇಗಿದಳು. ಅಲೆ ಅವಳನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಮೊದಲನೇ ಕಡೆ ಹತ್ತು. ಎರಡನೇ ಕಡೆ ಒಂಬತ್ತೂವರೆ. ನಾಲ್ಕನೇ ಕಡೆ, ಬಾಯಿಯ ನಟ್ಟನಡುವೆ, ಗುಂಡು ಇಳಿಯಿತೋ ಇಲ್ಲವೋ ಎನ್ನುವಷ್ಟರಲ್ಲಿ ತಳಕ್ಕೆ ತಾಗಿತು. ಎರಡನೇ ಚರ್ಮದ ಪಟ್ಟಿ ಬೆರಳಿಗೆ ಸಿಕ್ಕಿತು. ಎಂಟು. ಮತ್ತೆ ಬಿಟ್ಟಳು, ಮತ್ತೆ ಎಂಟು. ಒಂದೇ ದಿನದಲ್ಲಿ ಎರಡು ಗೇಣು. ಅವಳು ಹೆದರಿಕೊಂಡಿದ್ದ ರಾಶಿ ಜಾರಲು ಶುರುವಾಗಿತ್ತು.

ಗೋಡೆಯ ಬುಡದಲ್ಲಿ, ಅಂಕಿಯ ತಗಡುಗಳನ್ನಿಡುವ ಗೂಡಿನ ಹತ್ತಿರ ತಮ್ಮನ ಹೆಂಡತಿ ತಲೆಗೆ ಟವೆಲು ಬಿಗಿದುಕೊಂಡು ನಿಂತಿದ್ದಳು.

"ಎಷ್ಟಕ್ಕಾ?"

"ಎಂಟು" ಎನ್ನುತ್ತಾ ಗುಂಡಕ್ಕ ಎಂಟರ ತಗಡನ್ನು ಹುಡುಕಿದಳು.

"ಅಬ್ಬಾ, ಹಾಗಾದ್ರೆ ಒಂಬತ್ತು. ಬಂದುಬಿಡ್ತಾರೆ ಬಿಡಿ."

ಗುಂಡಕ್ಕನ ಕೈ ತಗಡಿನ ಮೇಲೇ ನಿಂತಿತು. "ಒಂಬತ್ತು ಯಾವ ಲೆಕ್ಕದಲ್ಲಿ?"

ತಮ್ಮನ ಹೆಂಡತಿ ನಾಲಿಗೆ ಕಚ್ಚಿಕೊಂಡಳು. "ಬೇಜಾರು ಮಾಡ್ಕೋಬೇಡಿ ಅಕ್ಕಾ. ನೀವು ಒಂದು ಗೇಣು ಕಮ್ಮಿ ಹಾಕ್ತೀರಲ್ಲ, ಅದು ಎಲ್ರಿಗೂ ಗೊತ್ತು. ಎಲ್ರೂ ಒಂದು ಸೇರಿಸ್ಕೊಂಡೇ ಓದೋದು. ನಿಮಗೆ ಮಾತ್ರ ಹೇಳಬಾರದು ಅಂತ ಇವರು ಆಣೆ ಹಾಕಿದ್ರು."

"ಯಾವಾಗಿಂದ?"

"ನಾನು ಮದುವೆಯಾಗಿ ಬಂದಾಗಿಂದ ಕೇಳ್ತಿದೀನಿ."

ಗುಂಡಕ್ಕ ಎಂಟರ ತಗಡನ್ನು ವಾಪಸು ಗೂಡಿಗೆ ತಳ್ಳಿದಳು. ಎರಡು ತಿಂಗಳಿಂದ ತಾನು ಪೂರ್ತಿ ನೀರನ್ನು ಹೇಳುತ್ತಿದ್ದೇನೆ, ಎರಡು ತಿಂಗಳಿಂದ ಅವರು ಇಲ್ಲದ ಗೇಣಿನ ಮೇಲೆ ದೋಣಿ ನಡೆಸುತ್ತಿದ್ದಾರೆ. ಇವತ್ತು ಎಂಟು ಹಾಕಿದರೆ ತಮ್ಮ ಒಂಬತ್ತು ಎಂದು ಓದುತ್ತಾನೆ, ಬರುತ್ತಾನೆ, ಅಲೆ ಇಳಿದಾಗ ದೋಣಿಯ ಬೆನ್ನು ಮುರಿಯುತ್ತದೆ. ಬಂದರು ಮುಚ್ಚಿದೆ ಎಂದು ಹಾರಿಸುವ ಕೆಂಪು ಬಾವುಟ ಕಚೇರಿಯ ಬೀರುವಿನಲ್ಲಿತ್ತು. ಬೀರುವಿನ ಕೀಲಿ ಸಾಹೇಬರ ಜೊತೆ ಊರಾಚೆಯ ಮೀಟಿಂಗಿಗೆ ಹೋಗಿತ್ತು.

ಅವಳು ಏಳರ ತಗಡು ಎಳೆದಳು. ಏಳು ಹಾಕಿದರೆ ಎಂಟು ಎಂದು ಓದುತ್ತಾನೆ, ಇರುವ ನೀರು ಅವನಿಗೆ ಸರಿಯಾಗಿ ತಿಳಿಯುತ್ತದೆ. ಕಂಬದ ಹಗ್ಗಕ್ಕೆ ಕೊಕ್ಕೆಯನ್ನೂ ಸಿಕ್ಕಿಸಿದಳು. ಆಮೇಲೆ ಇನ್ನೊಂದು ಯೋಚನೆ ಬಂತು. ಇವನು ಅವಸರ. ಎಂಟು ಗೇಣಿನಲ್ಲೂ ನುಗ್ಗಿದರೆ? ಮೈಮೇಲೆ ಬಂದವನ ಹಾಗೆ ಗಾಳಿ ಬೀಸುತ್ತಿದೆ, ಹೊರಗೆ ನಾಲ್ಕು ಗಂಟೆ ಕಾಯಲು ಬೇಸರವಾಗಿ ಒಂದು ಕೈ ನೋಡೇಬಿಡೋಣ ಎಂದರೆ? ಅವಳು ಏಳನ್ನು ಬಿಚ್ಚಿ ಕೆಳಗಿಟ್ಟು ಆರನ್ನು ಏರಿಸಿದಳು.

"ಈಗ ಸತ್ತರೂ ಬರಲ್ಲ" ಎಂದಳು. ಹೇಳಿದ ಮೇಲೆ ಆ ಮಾತಿಗೆ ತಾನೇ ಬೆಚ್ಚಿದಳು.

ಮೂರು ಗಂಟೆಗೆ ದೋಣಿ ಕಾಣಿಸಿತು. ಬಾಯಿಯಿಂದ ಅರ್ಧ ಮೈಲಿ ಆಚೆ ನಿಂತು ಏಳುತ್ತಾ ಬೀಳುತ್ತಾ ಇತ್ತು. ಯಾರೋ ದುರ್ಬೀನು ಹಿಡಿದದ್ದೂ ತಿಳಿಯುತ್ತಿತ್ತು. ತಮ್ಮನ ಹೆಂಡತಿ ಗುಂಡಕ್ಕನ ತೋಳು ಹಿಡಿದುಕೊಂಡಳು. "ನಿಂತ್ರು ಅಕ್ಕಾ, ಕಾಯ್ತಾರೆ" ಎಂದಳು.

ಆಗ ದೋಣಿ ಮೂತಿ ತಿರುಗಿಸಿತು. ಬಾಯಿಯ ಕಡೆಗೆ.

ಗುಂಡಕ್ಕ ಗೋಡೆಯ ತುದಿಯವರೆಗೆ ಓಡಿದಳು. ಒದ್ದೆ ಕಲ್ಲಿನ ಮೇಲೆ ಎರಡು ಸಲ ಬಿದ್ದಳು, ಎದ್ದಳು, ಎರಡು ಕೈಯನ್ನೂ ಮೇಲೆತ್ತಿ ಬೀಸಿದಳು. ಬೇಡ, ಬರಬೇಡ ಎಂದು ಕೂಗಿದ್ದು ಗಾಳಿಯಲ್ಲಿ ಅವಳ ಕಿವಿಗೇ ಕೇಳಿಸಲಿಲ್ಲ. ಚುಕ್ಕಾಣಿಯ ಕಿಟಕಿಯಿಂದ ತಮ್ಮನ ಕೈ ಹೊರಗೆ ಬಂತು. ಅಕ್ಕ ಎದುರುಗೊಳ್ಳಲು ಬಂದಿದ್ದಾಳೆ ಎಂದುಕೊಂಡು ಅವನೂ ಕೈ ಬೀಸಿದ.

ನಟ್ಟನಡುವೆ, ಅಲೆ ಇಳಿದ ಹೊತ್ತಿಗೆ, ದೋಣಿ ತಟಕ್ಕನೆ ನಿಂತಿತು. ಹಿಂದಿನ ಅಲೆ ಅದನ್ನು ಅಡ್ಡಕ್ಕೆ ತಿರುಗಿಸಿತು, ಅದರ ಹಿಂದಿನದು ಮಗುಚಿತು. ಐದು ಜನರನ್ನು ನೀರು ಕಲ್ಲಿನ ಮೇಲೆ ತಂದು ಎಸೆಯಿತು, ದಕ್ಕೆಯವರು ಹಗ್ಗ ಬಿಟ್ಟು ಎಳೆದುಕೊಂಡರು. ಚುಕ್ಕಾಣಿಯ ಕೋಣೆಯಲ್ಲಿದ್ದವನು ಬರಲಿಲ್ಲ. ಅವನನ್ನು ಹೊರಗೆ ತೆಗೆದದ್ದು ಸಂಜೆ, ನೀರು ಏರಿದ ಮೇಲೆ.

ತನಿಖೆ ನಡೆಯಿತು. ಹೂಳು ಸುರಿದ ಜಾಗದ ಮಾತೂ ಬಂತು, ಸಾಹೇಬರಿಗೆ ವರ್ಗವಾಯಿತು. ಅಳತೆಯ ಹೆಂಗಸಿನ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಆರು ಎಂದು ನೇತುಹಾಕಿದ್ದರೂ ನುಗ್ಗಿ ಬಂದವನ ತಪ್ಪಿಗೆ ಅವಳೇನು ಮಾಡಿಯಾಳು? ಗುಂಡಕ್ಕ ಆಮೇಲೂ ಒಂಬತ್ತು ವರ್ಷ ಅಳೆದಳು. ಯಾರೊಂದಿಗೂ ಹೆಚ್ಚು ಮಾತಿಲ್ಲ. ಒಡಹುಟ್ಟಿದವನು ಹೋದ ದುಃಖ ಎಂದು ಊರು ಅಂದುಕೊಂಡಿತು. ಅದು ದುಃಖವಷ್ಟೇ ಆಗಿರಲಿಲ್ಲ. ಮೂರನೇ ದಿನ ಅವಳು ಆಸ್ಪತ್ರೆಗೆ ಹೋಗಿದ್ದಳು.

ಅಲ್ಲಿ ಮೀನಿಗೆ ಐಸು ಹಾಕುವ ಕೆಲಸದವನು ಕಾಲಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ. ದೋಣಿಯಲ್ಲಿ ದುರ್ಬೀನು ಹಿಡಿದಿದ್ದವನು ಅವನೇ. ಕಿಟಕಿಯ ಪಕ್ಕದ ಮಂಚ, ತಲೆದೆಸೆಯಲ್ಲಿ ಸ್ಟೀಲಿನ ಲೋಟ, ಯಾರೋ ತಂದಿಟ್ಟ ಬ್ರೆಡ್ಡು. ಗುಂಡಕ್ಕ ಸ್ಟೂಲಿನ ಮೇಲೆ ಕೂತಳು.

"ಅವನು ಅಂಕಿ ನೋಡಿದ್ನಾ?"

"ನಾನೇ ಓದಿ ಹೇಳ್ದೆ ಅಕ್ಕಾ, ಆರು ಅಂತ. ನಕ್ಕುಬಿಟ್ರು." ಅವನು ಕಣ್ಣೊರೆಸಿಕೊಂಡ. "'ನಿನ್ನೆ ಹತ್ತು, ಇವತ್ತು ಆರಾ? ಒಂದೇ ದಿನಕ್ಕೆ ನಾಲ್ಕು ಗೇಣು ಹೂಳು ಯಾವ ಕಾಲದಲ್ಲಿ ತುಂಬಿದೆ? ಗಾಳಿ ನೋಡಿ ಅಕ್ಕ ಹೆದರ್ಕೊಂಡಿದಾಳೆ. ಇವತ್ತು ಒಂದಲ್ಲ, ಮೂರು ಬಚ್ಚಿಟ್ಟಿದಾಳೆ. ಒಂಬತ್ತಂತೂ ಇದ್ದೇ ಇದೆ, ನಡೀರಿ' ಅಂದ್ರು."

ಗುಂಡಕ್ಕ ತಲೆದೆಸೆಯ ಲೋಟವನ್ನು ಗೋಡೆಯ ಕಡೆಗೆ ಸರಿಸಿಟ್ಟಳು. ಆಮೇಲೆ ಕೇಳಿದಳು.

"ಏಳು ಹಾಕಿದ್ದಿದ್ರೆ?"

ಐಸಿನವನು ಯೋಚಿಸಿದ. ಬಹಳ ಯೋಚಿಸುವಂಥದ್ದೇನೂ ಅದರಲ್ಲಿರಲಿಲ್ಲ.

"ಏಳು ಹಾಕಿದ್ರೆ ನಂಬ್ತಿದ್ರು. ಏಳು ಅಂದ್ರೆ ಎಂಟು, ಆ ಅಲೇಲಿ ಎಂಟು ಸಾಲಲ್ಲ ಅಂತ ಅವರಿಗೂ ಗೊತ್ತು. ಬರೋವಾಗಲೇ ಹೇಳಿದ್ರು, ಎಂಟೇ ಇದ್ರೆ ಲಂಗರು ಹಾಕಿ ಕಾಯೋಣ ಅಂತ. ಎಲ್ಲರೂ ಮನೆ ಸೇರ್ತಿದ್ವಿ." ಅವನು ಅವಳ ಮುಖ ನೋಡಿದ. "ಯಾಕಕ್ಕಾ?"

"ಏನಿಲ್ಲ, ಸುಮ್ನೆ ಕೇಳ್ದೆ" ಎಂದಳು ಗುಂಡಕ್ಕ.